ಹಿಟ್ಟು ಮುಟ್ಟದ ಎರಡು ದಿನ

ಅನ್ನಪೂರ್ಣ ಗಂಡನ ಮುಂದೆ ಇಟ್ಟ ಷರತ್ತು ಒಂದೇ ಒಂದು. ದಸರಾ ಸೂಟಿಯಲ್ಲಿ ಮಕ್ಕಳನ್ನು ಕರೆದುಕೊಂಡು ಎಲ್ಲಿಗೆ ಬೇಕಾದರೂ ಹೋಗೋಣ, ಎಂಥ ಹರಕು ಜಾಗವಾದರೂ ಸರಿ, ಆದರೆ ಆ ಎರಡು ದಿನ ತನ್ನ ಕೈ ಹಿಟ್ಟು ಮುಟ್ಟಬಾರದು. ಹುಲಿಗೆಮ್ಮನ ಆಣೆ ಹಾಕಬೇಕು. ಹನಮೇಶ ಹಾಕಿದ. ತಾಟಿನ ಮುಂದೆ ಕೂತು, ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ ಹಾಕಿದ. ಅಷ್ಟು ಸಲೀಸಾಗಿ ಆಣೆ ಹಾಕುವ ಗಂಡಸನ್ನು ನಂಬಬಾರದು ಎಂಬುದು ಅವಳಿಗೆ ಆಗಲೇ ಹೊಳೆಯಬೇಕಿತ್ತು.

ಯಲಬುರ್ಗಾದ ಬಸ್ ನಿಲ್ದಾಣದ ಹಿಂದೆ ಪಾರಮ್ಮನ ಖಾನಾವಳಿ ಇದೆ. ಅಲ್ಲಿಗೆ ದಿನಾ ನೂರು ಜೋಳದ ರೊಟ್ಟಿ ಬಡಿದುಕೊಡುವುದು ಅನ್ನಪೂರ್ಣಳ ಕೆಲಸ. ಅದು ಮುಗಿದ ಮೇಲೆ ಮನೆಯ ರೊಟ್ಟಿ. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಈ ಲೆಕ್ಕ ತಪ್ಪಿದ್ದಿಲ್ಲ. ಹಬ್ಬ ಬಂದರೆ ರೊಟ್ಟಿಯ ಜೊತೆಗೆ ಹೋಳಿಗೆ, ನೆಂಟರು ಬಂದರೆ ಇನ್ನೊಂದು ಬುಟ್ಟಿ ರೊಟ್ಟಿ. ಬಾಣಂತನಕ್ಕೆ ತವರಿಗೆ ಹೋದಾಗಲೂ ಕೂಸು ಮಲಗಿದ ಹೊತ್ತಿನಲ್ಲಿ ನಾಲ್ಕು ಬಡಿದುಬಿಡು ಅಂದಿದ್ದರು. ಈ ಸಲವೂ ಬಡಿಯಬೇಕಾಗಿ ಬಂದರೆ, ತಾನು ಸುಮ್ಮನೆ ಕೂರಬಹುದಾದ ಜಾಗ ಭೂಮಿಯ ಮೇಲೆ ಎಲ್ಲೂ ಇಲ್ಲ ಅಂತಲೇ ಅರ್ಥ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು.

"ನಿನ್ನ ಕೈ ಎರಡು ದಿನ ಸುಮ್ನ ಇರ್ತಾವೇನ?" ಎಂದು ಪಾರಮ್ಮ ಕೇಳಿದ್ದಳು.

"ಇರ್ತಾವ. ಕಟ್ಟಿ ಹಾಕಿಯಾದ್ರೂ ಇಡ್ತೀನಿ, ನೋಡ್ರಿ."

ಹನಮೇಶ ಹಳ್ಳಿಯೊಂದರ ಪಂಚಾಯಿತಿಯಲ್ಲಿ ವಾಟರ್‌ಮನ್. ವಾಲ್ ತಿರುವಿ ಓಣಿ ಓಣಿಗೆ ನೀರು ಬಿಡುವುದು, ನೀರು ಬಂದರೂ ಬಾರದಿದ್ದರೂ ಊರವರಿಂದ ಬೈಸಿಕೊಳ್ಳುವುದು ಅವನ ಉದ್ಯೋಗ. ಫೋನಿನಲ್ಲಿ ಅವನಿಗೆ ಒಂದು ಜಾಹೀರಾತು ಸಿಕ್ಕಿತ್ತು. ಗಂಗಾವತಿಯ ಆಚೆ 'ಭತ್ತದ ಸಿರಿ ಹಾಲಿಡೇ ಪಾರ್ಕ್'. ಕಾಟೇಜು, ಈಜುಕೊಳ, ರೈನ್ ಡ್ಯಾನ್ಸ್, ಮೂರು ಹೊತ್ತು ಊಟ. ಸೋಮವಾರದಿಂದ ಗುರುವಾರದವರೆಗೆ ಅರ್ಧ ದರ, ಮಕ್ಕಳು ಪುಕ್ಕಟೆ. ಪುಕ್ಕಟೆ ಎಂಬ ಪದ ಕಂಡರೆ ಹನಮೇಶನಿಗೆ ಮುಂದೆ ಓದುವ ಅಭ್ಯಾಸವಿಲ್ಲ.

ಮಂಗಳವಾರ ಬೆಳಿಗ್ಗೆ ಹೊರಟರು. ಮಗಳು ಶರಣಬಸಮ್ಮನಿಗೆ ಏಳು ವರ್ಷ, ಅಜ್ಜಿಯ ಹೆಸರು, ಎಲ್ಲರ ಬಾಯಲ್ಲಿ ಶರಣಿ. ಮಗ ದ್ಯಾಮಣ್ಣನಿಗೆ ನಾಲ್ಕು, ಅಜ್ಜನ ಹೆಸರು, ಅಜ್ಜನದೇ ಹಟ. ಮಾವನ ಹೆಸರನ್ನು ಸೊಸೆ ಬಾಯಿಬಿಟ್ಟು ಕರೆಯುವ ಹಾಗಿಲ್ಲವಲ್ಲ, ಅದಕ್ಕೆ ಅನ್ನಪೂರ್ಣ ಆ ನಾಲ್ಕು ವರ್ಷದ ಪೋರನನ್ನು ಮುತ್ಯಾ, ಅಂದರೆ ಅಜ್ಜಾ, ಎಂದೇ ಕರೆಯುತ್ತಿದ್ದಳು. ಅವನೂ ಹಾಗೆಯೇ ಗತ್ತಿನಿಂದ ಓಗೊಡುತ್ತಿದ್ದ.

ಕೊಪ್ಪಳದಲ್ಲಿ ಬಸ್ ಬದಲಿಸುವಾಗ ಅವಳು ಒಂದು ಬ್ಯಾಗನ್ನು ಎತ್ತಿ, ಅದರ ಭಾರಕ್ಕೆ ಮತ್ತೆ ಕೆಳಗಿಟ್ಟಳು.

"ಏನೈತ್ರಿ ಇದ್ರಾಗ, ಕಲ್ಲು ತುಂಬೀರೇನು?"

"ಹುಡುಗ್ರ ಅರಿವಿ. ನೀರಾಗ ಆಡ್ತಾವಲ್ಲ, ತೊಯ್ಸ್ಕೊಂತಾವ," ಎಂದು ಹನಮೇಶ ಬ್ಯಾಗನ್ನು ತಾನೇ ಹೆಗಲಿಗೇರಿಸಿಕೊಂಡ. ಹೆಂಡತಿಯ ಕೈಯಿಂದ ಭಾರ ಇಸಿದುಕೊಳ್ಳುವ ಗಂಡ ಇವನಲ್ಲ. ಆದರೂ ಸೂಟಿಯ ಹುಮ್ಮಸ್ಸಿನಲ್ಲಿ ಅವಳಿಗೆ ಅನುಮಾನ ಬರಲಿಲ್ಲ, ಪ್ರೀತಿಯೇ ಬಂತು.

ಗಂಗಾವತಿ ಹತ್ತಿರವಾದಂತೆ ಕಪ್ಪು ಎರೆಭೂಮಿ ಹೋಗಿ ಕಾಲುವೆ ನೀರಿನ ಗದ್ದೆ ಶುರುವಾಯಿತು. ಎತ್ತ ನೋಡಿದರೂ ಭತ್ತ. ಮಕ್ಕಳು ಕಿಟಕಿಗೆ ಮೂಗು ಒತ್ತಿ ನೋಡಿದರು. ಹನಮೇಶ ಮಾತ್ರ ಮುಖ ಸಣ್ಣದು ಮಾಡಿಕೊಂಡ.

ಪಾರ್ಕಿನ ಗೇಟಿನಲ್ಲಿ ಮ್ಯಾನೇಜರ್ ಇಲಿಯಾಸ ಕೈಮುಗಿದು ನಿಂತಿದ್ದ. ನಲವತ್ತರ ಆಸುಪಾಸಿನ, ಎಂಥ ಕೊರತೆಯನ್ನೂ ಸೌಲಭ್ಯದಂತೆ ಹೇಳಬಲ್ಲ ಮನುಷ್ಯ.

"ಬರ್ರಿ ಅಣ್ಣಾರ, ಬರ್ರಿ ಅಕ್ಕಾರ. ಎರಡು ದಿನ ಪಾರ್ಕ್ ಪೂರಾ ನಿಮ್ದ ಐತಿ."

ಅದರಲ್ಲಿ ಸುಳ್ಳಿರಲಿಲ್ಲ. ಬೇರೆ ಯಾರೂ ಬಂದಿರಲಿಲ್ಲ. ಈಜುಕೊಳದಲ್ಲಿ ಮೊಣಕಾಲುದ್ದ ನೀರಿತ್ತು, ಮಕ್ಕಳ ಸುರಕ್ಷತೆಗೆ ಅಂತ ಇಲಿಯಾಸ ಹೇಳಿದ. ಸಿಮೆಂಟಿನ ಆನೆಗೆ ಸೊಂಡಿಲು ಇರಲಿಲ್ಲ, ಆದ್ದರಿಂದ ಶರಣಿ ಅದನ್ನು ಎಮ್ಮೆ ಅಂದುಕೊಂಡಳು. ರೈನ್ ಡ್ಯಾನ್ಸಿನ ಕೊಳವೆಗಳ ಕೆಳಗೆ ದ್ಯಾಮಣ್ಣ ತಲೆ ಎತ್ತಿ ಬಾಯಿ ತೆರೆದು ಬಹಳ ಹೊತ್ತು ಕಾದ. "ಕರೆಂಟ್ ಬಂದ ಕೂಡ್ಲೆ ಮಳಿ ಬರತೈತಿ, ಸಾಹುಕಾರ," ಎಂದು ಇಲಿಯಾಸ ಅವನಿಗೆ ಸಮಾಧಾನ ಹೇಳಿದ.

ಕೊನೆಗೆ ಒಂದು ಹುಲ್ಲಿನ ಛಪ್ಪರದ ಮುಂದೆ ಕರೆತಂದ. ಮೇಲೆ 'ಹಳ್ಳಿ ಅನುಭವ' ಎಂದು ಬೋರ್ಡು. ಒಳಗೆ ಮಣ್ಣಿನ ಒಲೆ, ಹಂಚು, ರೊಟ್ಟಿ ಬಡಿಯುವ ಕಲ್ಲು, ಸೀಳಿದ ಕಟ್ಟಿಗೆ.

"ಐತವಾರ ಉಡಚಮ್ಮ ಅಂತ ಒಬ್ಬಾಕಿ ಬಂದು ರೊಟ್ಟಿ ಬಡೀತಾಳ್ರಿ. ಸಿಟಿ ಮಂದಿ ಸಾಲು ನಿಂತು ನೋಡ್ತಾರ, ತಾವೂ ಒಂದೆರಡು ಬಡದು ಫೋಟೋ ಹೊಡಿಸ್ಕೊಂತಾರ. ಅದಕ್ಕ ಬ್ಯಾರೆ ಟಿಕೆಟ್ ಐತಿ. ನಿಮಗ ಫ್ರೀ ಬಿಡ್ತೀನಿ ಅಕ್ಕಾರ, ಅನುಭವ ತಗೋರಿ."

ಅನ್ನಪೂರ್ಣ ನಕ್ಕಳು. ನಗುತ್ತಾ ಅಲ್ಲೇ ಕಟ್ಟೆಯ ಮೇಲೆ ಕೂತಳು, ಸೆರಗಿನಿಂದ ಕಣ್ಣೊರೆಸಿಕೊಂಡಳು, ಮತ್ತೆ ನಕ್ಕಳು. ದುಡ್ಡು ಕೊಟ್ಟು ರೊಟ್ಟಿ ಬಡಿಯುವ ಹೆಂಗಸರು ಈ ಲೋಕದಲ್ಲಿ ಇದ್ದಾರೆ ಎಂಬ ಸುದ್ದಿಯೇ ಅವಳಿಗೆ ಅರ್ಧ ಸೂಟಿ ಸಿಕ್ಕಷ್ಟಾಯಿತು. ಇಲಿಯಾಸನಿಗೆ ಏನೂ ತಿಳಿಯದೆ ಅವನೂ ಮರ್ಯಾದೆಗೆ ನಕ್ಕ.

ಆ ದಿನ ಅವಳು ನಿಜವಾಗಿಯೂ ಏನೂ ಮಾಡಲಿಲ್ಲ. ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕಾಲನ್ನು ಇನ್ನೊಂದು ಕುರ್ಚಿಯ ಮೇಲಿಟ್ಟು ಕೂತಳು. ಮಕ್ಕಳು ಕೆಸರಾದರೆ ಆಗಲಿ ಅಂದಳು. ಯಾರೋ ಬೇಯಿಸಿದ್ದನ್ನು ಯಾರೋ ಬಡಿಸಿದರು, ಉಂಡಳು. ತಾಟನ್ನು ಯಾರೋ ಎತ್ತಿಕೊಂಡು ಹೋದಾಗ ಅವಳಿಗೆ ಕಳವಾದಷ್ಟು ಗಾಬರಿಯಾಯಿತು, ಆಮೇಲೆ ಬಹಳ ಸುಖವಾಯಿತು.

ಹನಮೇಶನಿಗೆ ಮಾತ್ರ ಸುಮ್ಮನೆ ಕೂರಲಾಗಲಿಲ್ಲ. ಈಜುಕೊಳಕ್ಕೆ ನೀರು ಏಕೆ ಕಡಿಮೆ ಎಂದು ನೋಡಲು ಹೋದವನು ವಾಲ್ ಬಿಚ್ಚಿ, ವಾಷರ್ ಬದಲಿಸಿ, ಸಂಜೆಯ ಹೊತ್ತಿಗೆ ನೀರನ್ನು ಸೊಂಟದವರೆಗೆ ತಂದ. ಇಲಿಯಾಸ ಅವನಿಗೆ ಎಂಜಿನಿಯರ್ ಸಾಹೇಬ್ರು ಎಂದು ಹೆಸರಿಟ್ಟ. ಜನ್ಮದಲ್ಲಿ ಮೊದಲ ಸಲ ನೀರಿನ ವಿಷಯದಲ್ಲಿ ಹೊಗಳಿಸಿಕೊಂಡ ಹನಮೇಶ ಎದೆ ಉಬ್ಬಿಸಿಕೊಂಡು ಓಡಾಡಿದ.

ರಾತ್ರಿ ಊಟದ ಹೊತ್ತಿಗೆ ಆ ಎದೆ ಇಳಿಯಿತು. ಮಧ್ಯಾಹ್ನ ಅನ್ನ, ಸಾರು ಆಗಿತ್ತು. ಸಂಜೆ ಚಹಾದ ಜೊತೆ ಚುರುಮುರಿ. ರಾತ್ರಿ ಚಿತ್ರಾನ್ನ, ಮೊಸರನ್ನ. ಬುಧವಾರ ಬೆಳಿಗ್ಗೆ ಇಡ್ಲಿ.

"ಇದೂ ಅಕ್ಕೀನ," ಎಂದು ಹನಮೇಶ ಇಡ್ಲಿಯನ್ನು ಬೆರಳಿನಿಂದ ಒತ್ತಿ ನೋಡಿದ. "ಚುರುಮುರೀನೂ ಅಕ್ಕೀನ. ಇವ್ರು ಅಕ್ಕಿನ್ನ ವೇಷ ಬದಲಿ ಮಾಡಿ ಮಾಡಿ ಕಳಸಾಕತ್ತಾರ."

"ಸುಮ್ನ ತಿನ್ರಿ. ಛಲೋ ಅದಾವ," ಅಂದಳು ಅನ್ನಪೂರ್ಣ. ನಿಜವಾಗಿಯೂ ಚೆನ್ನಾಗಿದ್ದವು.

ಅಪ್ಪನ ಗೊಣಗಾಟ ಮಗನಿಗೆ ಅಂಟಿತು. ಬುಧವಾರ ಮಧ್ಯಾಹ್ನ ದ್ಯಾಮಣ್ಣ ಅನ್ನದ ತಾಟನ್ನು ಎರಡೂ ಕೈಯಿಂದ ಮುಂದಕ್ಕೆ ತಳ್ಳಿ, "ರೊಟ್ಟಿ ಬೇಕು," ಅಂದ. ಬಿಸ್ಕೀಟು ಕೊಟ್ಟರೆ ಎಸೆದ. ಬಾಳೆಹಣ್ಣು ಸುಲಿದುಕೊಟ್ಟರೆ ಮತ್ತೆ ಸಿಪ್ಪೆಯೊಳಗೆ ಹಾಕು ಎಂದು ಅತ್ತ. ಬೆಳಿಗ್ಗೆ ಅರ್ಧ ಇಡ್ಲಿ ಬಿಟ್ಟರೆ ಅವನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ನೆಲಕ್ಕೆ ಬಿದ್ದು ಹೊರಳಾಡಿ ಅಳತೊಡಗಿದಾಗ ಹನಮೇಶ ಮೆಲ್ಲಗೆ ಎದ್ದು ಕಾಟೇಜಿಗೆ ಹೋದ. ಬರುವಾಗ ಆ ಭಾರದ ಬ್ಯಾಗು ತಂದ. ಟವೆಲ್ಲಿನಲ್ಲಿ ಸುತ್ತಿದ ಹಿಟ್ಟಿನ ಗಂಟು ಬಿಚ್ಚಿ ಹೆಂಡತಿಯ ಮುಂದಿಟ್ಟ. ನಾಲ್ಕು ಸೇರಿಗೆ ಕಡಿಮೆಯಿಲ್ಲ.

ಅನ್ನಪೂರ್ಣ ಹಿಟ್ಟನ್ನು ನೋಡಿದಳು, ಗಂಡನನ್ನು ನೋಡಿದಳು.

"ಕೂಸಿನ ಸಲುವಾಗಿ ತಂದೀನಿ," ಅಂದ ಅವನು. "ಗಂಗಾವತಿ ಮಂದಿ ಅನ್ನ ಬಿಟ್ಟು ಏನೂ ಹಾಕೂದಿಲ್ಲ ಅಂತ ಗೊತ್ತಿತ್ತು."

ಅವಳು ಬ್ಯಾಗಿಗೆ ಕೈ ಹಾಕಿ ಇನ್ನೊಂದು ಡಬ್ಬಿ ಹೊರತೆಗೆದಳು. ಶೇಂಗಾ ಚಟ್ನಿ, ಕೆಂಪಗೆ, ಖಾರದ್ದು.

"ಇದೂ ಕೂಸಿನ ಸಲುವಾಗೇನು?"

ಅಷ್ಟರಲ್ಲಿ ಮಗುವಿನ ಅಳು ಕೇಳಿ ಓಡಿಬಂದ ಇಲಿಯಾಸ, ಹಿಟ್ಟು ಕಂಡವನೇ ಕಷ್ಟವೆಲ್ಲ ಪರಿಹಾರವಾಯಿತು ಎಂಬ ಖುಷಿಯಲ್ಲಿ ಛಪ್ಪರಕ್ಕೆ ಹೋಗಿ ಒಲೆ ಹೊತ್ತಿಸಿದ, ನೀರನ್ನೂ ಕಾಯಲಿಟ್ಟ. ಒಲೆ, ಹಂಚು, ಕಲ್ಲು, ಹಿಟ್ಟು, ಬಿಸಿನೀರು, ಹಸಿದ ಮಗು. ಎಲ್ಲ ಸಿದ್ಧವಾಗಿ ಎಲ್ಲರೂ ಅವಳ ಮುಖ ನೋಡಿದರು.

"ನಾಕ ನಾಕು," ಅಂದ ಹನಮೇಶ. "ನಿನಗ ಅದೇನು ದೊಡ್ಡ ಕೆಲಸ. ನಾ ಸೂಟಿಗೆ ಬಂದು ವಾಲ್ ಮುಟ್ಟಿಲ್ಲೇನು? ನನಗೇನಾತು?"

"ನಿಮಗ ಯಾರೂ ಹಚ್ಚಲಿಲ್ಲ. ನೀವಾಗೇ ಹೋದ್ರಿ."

ಹಾಗೆ ಹೇಳಿದಳೇ ಹೊರತು ಅವಳ ಕೈ ಆಗಲೇ ಬಳೆಗಳನ್ನು ಮೇಲಕ್ಕೆ ಸರಿಸುತ್ತಿತ್ತು. ಅದನ್ನು ಕಂಡು ಅವಳಿಗೆ ಗಂಡನಿಗಿಂತ ಹೆಚ್ಚಾಗಿ ತನ್ನ ಕೈಗಳ ಮೇಲೆಯೇ ಸಿಟ್ಟು ಬಂತು. ಮಗು ಹಸಿದಿರುವಾಗ ಹಟ ಹಿಡಿದರೆ ತಾನೆಂಥ ತಾಯಿ ಎಂದು ಒಂದು ಗಳಿಗೆ ಅನ್ನಿಸಿತು. ಮಗುವಿಗೆ ಅಪ್ಪನೂ ಇದ್ದಾನೆ, ಅವನಿಗೂ ಎರಡು ಕೈ ಇವೆ ಎಂದು ಮರುಗಳಿಗೆಗೆ ಅನ್ನಿಸಿತು. ಒಂಬತ್ತು ವರ್ಷದಲ್ಲಿ ಇಷ್ಟು ಸರಳ ವಿಷಯ ತನಗೆ ಹೇಗೆ ಹೊಳೆಯಲಿಲ್ಲವೋ ಎಂದು ಅವಳು ಬೆರಗಾದಳು. ಬಳೆಗಳನ್ನು ಕೆಳಕ್ಕೆ ಬಿಟ್ಟಳು.

"ಹಿಟ್ಟು ಯಾರು ತಂದಾರೋ ಅವ್ರ ಬಡೀಲಿ."

"ನಾನೇನ?"

"ನೀವ."

ಇಲಿಯಾಸ ತುಟಿ ಬಿಗಿಹಿಡಿದು ಹೊಲದ ಕಡೆ ತಿರುಗಿದ. ಮಗ ಇನ್ನೊಂದು ಸಲ ಚೀರಿದ ಮೇಲೆ ಹನಮೇಶ ಅಂಗಿಯ ತೋಳು ಮಡಚಿ ಒಲೆಯ ಮುಂದೆ ಕೂತ. ಅವನ ಉಪಾಯ ಅವಳಿಗೆ ಗೊತ್ತಿತ್ತು. ಹಿಂದೊಮ್ಮೆ ಅರಿವೆ ಒಗೆಯಲು ಹೇಳಿದ್ದಕ್ಕೆ ಎಲ್ಲವನ್ನೂ ಕೆಂಪು ಲಂಗದ ಜೊತೆ ನೆನೆಹಾಕಿ, ಆಮೇಲೆ ಯಾರೂ ಆ ಕೆಲಸ ಹೇಳದ ಹಾಗೆ ಮಾಡಿಕೊಂಡಿದ್ದ. ಈಗಲೂ ಹಿಟ್ಟಿಗೆ ನೀರು ಸುರಿದು ಅಂಬಲಿ ಮಾಡಿ, "ನೋಡು, ಹಿಂಗಾತು," ಎಂದು ಅವಳತ್ತ ನೋಡಿದ. ಅವಳು ಬೇವಿನ ಮರ ನೋಡುತ್ತಿದ್ದಳು. ಇನ್ನಷ್ಟು ಹಿಟ್ಟು ಹಾಕಿ ನಾದಿದ. ಕಲ್ಲಿನ ಮೇಲೆ ತಟ್ಟಿದ. ಮೊದಲನೆಯದು ನಡುವೆ ಹರಿಯಿತು. ಎರಡನೆಯದು ಎತ್ತುವಾಗ ಅರ್ಧ ಕಲ್ಲಿಗೆ, ಅರ್ಧ ಅವನ ಮೊಣಕಾಲಿಗೆ ಅಂಟಿತು.

ಅನ್ನಪೂರ್ಣಳಿಗೆ ಆ ಎರಡು ದಿನದಲ್ಲಿ ನಿಜವಾದ ಕಷ್ಟ ಬಂದದ್ದು ಇದೇ ಹೊತ್ತಿನಲ್ಲಿ. ಒಣ ಹಿಟ್ಟು ಉದುರಿಸಿಕೊಳ್ಳಿ, ಅಂಗೈಯನ್ನಲ್ಲ, ಬೆರಳನ್ನು ಬಳಸಿ, ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆ ಸವರಿ ಎಂದು ಒಂದೊಂದು ಮಾತೂ ಗಂಟಲಿಗೆ ಬಂದು ನಿಂತಿತು. ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಅವುಗಳ ಮೇಲೆ ಕೂತಳು.

ಯಾವಾಗಲೋ ಹನಮೇಶ ಸೋಲುವ ನಾಟಕ ಬಿಟ್ಟ. ಇಲಿಯಾಸ ಪಕ್ಕದಲ್ಲಿ ನಿಂತು, "ವಾಲ್ ತಿರುವಿದಂಗ ಮೆಲ್ಲಕ ತಿರುವ್ರಿ ಎಂಜಿನಿಯರ್ ಸಾಹೇಬ್ರ," ಅಂದದ್ದು ಅವನ ಮಾನಕ್ಕೆ ತಾಗಿರಬೇಕು. ನಾಲ್ಕನೆಯದು ಹರಿಯದೆ ಹಂಚಿಗೆ ಹೋಯಿತು. ಬೆರಳಿನಷ್ಟು ದಪ್ಪ, ಅಂಚು ಹರಿದು ಹಲ್ಲು ಹಲ್ಲಾಗಿತ್ತು, ಒಂದು ಕಡೆ ಕರಿ, ಇನ್ನೊಂದು ಕಡೆ ಹಸಿ. ಶರಣಿ ಅದನ್ನು ಊದಿ ಊದಿ ಆರಿಸಿದಳು. ದ್ಯಾಮಣ್ಣ ಅಳು ನಿಲ್ಲಿಸಿ ಒಂದು ತುಂಡು ಬಾಯಿಗೆ ಹಾಕಿಕೊಂಡ, ಅಗಿದ, ಮೂಗು ಒರೆಸಿಕೊಂಡ.

"ಮುತ್ಯಾ, ಹೆಂಗೈತಿ?" ಎಂದು ಅನ್ನಪೂರ್ಣ ಕೇಳಿದಳು.

"ಅವ್ವನ ರೊಟ್ಟಿಗಿಂತ ಛಲೋ ಐತಿ," ಅಂದ ಆ ಕೃತಘ್ನ.

ಅವಳ ಎದೆಗೆ ಚುಚ್ಚಿತು. ಬೇಡ ಬೇಡವೆಂದು ತಳ್ಳಿದ ಕೆಲಸವನ್ನು ಇನ್ನೊಬ್ಬರು ಇಷ್ಟು ಕೆಟ್ಟದಾಗಿ ಮಾಡಿ ಇಷ್ಟು ಒಳ್ಳೆಯ ಹೆಸರು ತೆಗೆದುಕೊಂಡದ್ದು ಯಾರಿಗೆ ತಾನೇ ಸಹಿಸುತ್ತದೆ. ಎದ್ದು ಹೋಗಿ ಒಂದೇ ಒಂದು ತೆಳ್ಳನೆಯ ರೊಟ್ಟಿ ಬಡಿದು ತೋರಿಸಿಬಿಡಲೇ ಅನ್ನಿಸಿತು. ಕೈಗಳ ಮೇಲೆ ಇನ್ನೂ ಗಟ್ಟಿಯಾಗಿ ಕೂತಳು.

ಹೊಗೆಗೆ ಕಣ್ಣು ಕೆಂಪಾಗಿ, ಹಣೆಯ ಬೆವರು ಮೂಗಿನ ತುದಿಗಿಳಿದು, ಮೀಸೆಗೆಲ್ಲ ಹಿಟ್ಟು ಹತ್ತಿಕೊಂಡ ಹನಮೇಶ ಮತ್ತೊಂದು ರೊಟ್ಟಿಯನ್ನು ತಾಟಿಗೆ ಹಾಕಿ, ಮೇಲೆ ಶೇಂಗಾ ಚಟ್ನಿ ಇಟ್ಟು, ಅವಳ ಮುಂದೆ ಸರಿಸಿದ. ತಾನಿನ್ನೂ ಒಂದನ್ನೂ ತಿಂದಿರಲಿಲ್ಲ. ಅವಳು ಮುರಿದು ಬಾಯಿಗಿಟ್ಟಳು. ನಡುವೆ ಹಸಿಹಸಿ, ಯಾಕೋ ಉಪ್ಪು ಬೇರೆ ಹಾಕಿದ್ದ. ಪೂರ್ತಿ ತಿಂದಳು.

"ಇನ್ನೊಂದು ಹಾಕ್ಲೇನು?" ಎಂದು ಅವನು ಒಲೆಯ ಮುಂದಿನಿಂದ ಕೇಳಿದ.

ಆ ಮಾತನ್ನು ಅವಳು ಗಂಡನಿಗೆ, ಅತ್ತೆಗೆ, ಮಕ್ಕಳಿಗೆ, ಬಂದು ಹೋದವರಿಗೆ ಎಷ್ಟು ಸಾವಿರ ಸಲ ಕೇಳಿದ್ದಳೋ. ಒಲೆಯ ಎದುರಿನಿಂದ ಯಾರೂ ಅವಳನ್ನು ಕೇಳಿರಲಿಲ್ಲ. ರೊಟ್ಟಿ ಹಸಿಯಾಗಿದ್ದಕ್ಕೆ ಎಂಬಂತೆ ನೀರು ಕುಡಿದಳು. ಮಧ್ಯಾಹ್ನದ ಅನ್ನ ಉಂಡು ಅವಳ ಹೊಟ್ಟೆ ಆಗಲೇ ತುಂಬಿತ್ತು.

"ಹಾಕ್ರಿ," ಅಂದಳು. "ಈ ಸಲ ಸ್ವಲ್ಪ ತೆಳ್ಳಗ ಬಡೀರಿ."