ಒಂದು ಸಲ ಪೋಲೆ, ಎರಡು ಸಲ ಪೋಲೆ

ಪ್ರತಿ ಶನಿವಾರ ಹೊತ್ತೇರುವಷ್ಟರಲ್ಲಿ ಇಟೆನ್ ಊರಾಚೆಯ ಕೆಮ್ಮಣ್ಣಿನ ದಾರಿಯಲ್ಲಿ ಜೆಲಗತ್ ಕುಂಟುತ್ತ ಮನೆಗೆ ಬರುತ್ತಿದ್ದಳು. ಬೇಲಿಯಾಚೆ ನಿಂತವರೆಲ್ಲ "ಪೋಲೆ" ಅನ್ನುತ್ತಿದ್ದರು. ಅಯ್ಯೋ ಪಾಪ ಅನ್ನುವ ಮಾತು ಅದು. ಕೇಳಿ ಕೇಳಿ ಅವಳಿಗೆ ಸಾಕಾಗಿಹೋಗಿತ್ತು.

ಶನಿವಾರವೆಂದರೆ ಉದ್ದ ಓಟದ ದಿನ. ಅಲ್ಲಿಯ ಓಟಗಾರರು ವಾರಕ್ಕೊಮ್ಮೆ ಮೂವತ್ತು ಕಿಲೋಮೀಟರ್ ಓಡುತ್ತಾರೆ. ಹಿಂದೆ ತರಬೇತುದಾರರ ವ್ಯಾನು ಬರುತ್ತದೆ. ಸೋತವರು ಹತ್ತಿಕೊಳ್ಳಬಹುದು, ಆದರೆ ಹತ್ತಿದವರನ್ನು ವಾರವೆಲ್ಲ ಆಡಿಕೊಳ್ಳುತ್ತಾರೆ. ಜೆಲಗತ್ ಒಮ್ಮೆಯೂ ಹತ್ತಿದವಳಲ್ಲ. ಗಂಡಸರ ಗುಂಪಿನ ಬೆನ್ನಿಗೆ ಬಿದ್ದು, ಹಲ್ಲು ಕಚ್ಚಿ ಓಡುತ್ತಿದ್ದಳು. ಆಮೇಲೆ ಮೂರು ದಿನ ಮೊಣಕಾಲ ಕೆಳಗಿನ ಮೂಳೆ ಹಿಡಿದುಕೊಂಡು ಕೂರುವುದು. ಹಸು ಕರೆಯುವುದಕ್ಕೂ ಗಂಡ ಯಾತಿಚ್‌ನೇ ಬೇಕು.

ಇನ್ನು ಮೂರು ತಿಂಗಳಿಗೆ ಎಲ್ಡೊರೆಟ್‌ನಲ್ಲಿ ಇಪ್ಪತ್ತೊಂದು ಕಿಲೋಮೀಟರಿನ ಪಂದ್ಯ. ಮೊದಲ ಹತ್ತರೊಳಗೆ ಬಂದರೆ ತರಬೇತಿ ಶಿಬಿರದಲ್ಲಿ ಜಾಗ. ಬಾರದಿದ್ದರೆ ಓಟಕ್ಕೆ ಎಳ್ಳುನೀರು ಬಿಟ್ಟು, ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಕೆರಿಚೊದ ಚಹಾ ತೋಟಕ್ಕೆ ಕೂಲಿಗೆ ಹೋಗುವುದೆಂದು ಗಂಡ ಹೆಂಡತಿ ಮಾತಾಡಿಕೊಂಡಾಗಿತ್ತು.

ಮಗುವಿನ ಲಸಿಕೆ ಚೀಟಿ ನೋಡಲು ಬಂದ ಆರೋಗ್ಯ ಕಾರ್ಯಕರ್ತೆ ಕೊಬಿಲೊಳ ಕಣ್ಣು ತಾಯಿಯ ಕಾಲಿನ ಮೇಲೆ ಬಿತ್ತು. ಐವತ್ತು ದಾಟಿದ ಹೆಂಗಸು, ಒಂದು ಕಾಲದ ಓಟಗಾರ್ತಿ.

"ಓಡುವಾಗ ಮಾತಾಡ್ತೀಯೇನೇ?"

"ಮಾತಾಡೋಕೆ ಉಸಿರೆಲ್ಲಿರುತ್ತೆ ಚಿಕ್ಕಮ್ಮಾ? ಹಿಂದೆ ವ್ಯಾನು ಬರ್ತಿರುತ್ತೆ."

"ಹಾಗಿದ್ರೆ ನೀನು ಓಡ್ತಿರೋದು ಉದ್ದ ಓಟ ಅಲ್ಲ, ವಾರವಾರ ಪಂದ್ಯ. ನಿಜವಾದ ಪಂದ್ಯದ ದಿನಕ್ಕೆ ನಿನಗೆ ಕಾಲೇ ಉಳಿದಿರಲ್ಲ."

ಮೊದಲು ಆಸ್ಪತ್ರೆಗೆ ತೋರಿಸು, ನೋವು ಹೋಗುವ ತನಕ ಓಡಬೇಡ ಎಂದಳು. ಆಮೇಲೆ ತನ್ನ ಜತೆ ಹದಿನಾರು ಕಿಲೋಮೀಟರಿನಿಂದ ಶುರುಮಾಡಿ, ವಾರಕ್ಕೆ ಒಂದೆರಡು ಮಾತ್ರ ಏರಿಸಬೇಕಂತೆ. ಮೂವತ್ತು ಓಡುವವಳಿಗೆ ಹದಿನಾರೇ, ಅದೂ ಈ ವಯಸ್ಸಾದವಳ ಜತೆಗೇ ಎಂದು ಜೆಲಗತ್‌ಗೆ ಅವಮಾನವಾಯಿತು. ಕೂರೋಕೆ ಒಂದು ಮಣೆಯನ್ನೂ ತಗೊಂಡು ಹೋಗು ಎಂದು ಯಾತಿಚ್ ಕಿಚಾಯಿಸಿದ.

ಮೂಳೆ ಮುರಿದಿಲ್ಲ, ಎರಡು ವಾರ ಸುಮ್ಮನಿರು ಎಂದರು ಡಾಕ್ಟರು. ಮೂರನೆಯ ಶನಿವಾರ ಬೆಳಕು ಹರಿಯುವಾಗ ಇಬ್ಬರೂ ಹೊರಟರು. ಎಂಥ ನಿಧಾನ! ಹಾಲಿನ ಕ್ಯಾನು ಹೊತ್ತ ಸೈಕಲ್ಲು ಕೂಡ ಅವರನ್ನು ಹಿಂದೆ ಹಾಕಿತು. ಕೊಬಿಲೊ ತನ್ನ ವಾರಗಿತ್ತಿಯರ ಜಗಳದ ಕಥೆ ಹೇಳುತ್ತಲೇ ಓಡಿದಳು. ಗಂಡಸರ ಗುಂಪು ಧೂಳೆಬ್ಬಿಸಿ ಮುಂದೆ ಹೋಯಿತು. ಜೆಲಗತ್ ತಲೆ ತಗ್ಗಿಸಿದಳು.

ಎಂಟು ಕಿಲೋಮೀಟರ್ ಕಳೆದವು, ಹತ್ತು ಕಳೆದವು. ಉಸಿರು ಕಟ್ಟಲೇ ಇಲ್ಲ. ಪ್ರಪಾತದ ಅಂಚಿಗೆ ಬಂದಾಗ ಕೆಳಗೆ ಕೆರಿಯೊ ಕಣಿವೆಯ ಮೇಲೆ ಎಳೆಬಿಸಿಲು ಹರಡುತ್ತಿತ್ತು. ವಾರವಾರ ಅದೇ ದಾರಿಯಲ್ಲಿ ಓಡಿದವಳು. ಕಣಿವೆಯನ್ನು ಕಣ್ಣೆತ್ತಿ ನೋಡಿದ್ದು ಅದೇ ಮೊದಲು. ಇಷ್ಟು ದೂರ ಬಂದರೂ ಕಾಲು ಇನ್ನಷ್ಟು ದೂರ ಕೊಡು ಎಂದು ಕೇಳುತ್ತಿದೆಯಲ್ಲ ಎಂದು ಅವಳಿಗೆ ತನ್ನ ಮೈಯ ಮೇಲೇ ಬೆರಗಾಯಿತು.

ಕೊನೆಯ ಏರಿನಲ್ಲಿ ಕೊಬಿಲೊ ಮಾತು ನಿಲ್ಲಿಸಿದಳು. ಹೆಜ್ಜೆ ತುಸು ಚುರುಕಾಯಿತು, ಅಷ್ಟೆ. ಆ ಐವತ್ತರ ಹೆಂಗಸಿನ ಬೆನ್ನು ಒಂದಿಷ್ಟೂ ಬಾಗದೆ ಏರನ್ನು ಏರುತ್ತ ಹೋಯಿತು. ಜೆಲಗತ್ ಬಾಯಿ ಬಿಟ್ಟು ನೋಡುತ್ತ ಹಿಂಬಾಲಿಸಿದಳು. ಏರಿನ ಮೇಲೆ ಆ ಗಂಡಸರ ಗುಂಪಿನ ಒಬ್ಬ ಮೀನಖಂಡ ಹಿಡಿದು ಕುಳಿತಿದ್ದ. ಕೊಬಿಲೊ ಅವನಿಗೆ "ಪೋಲೆ" ಎಂದು ನೀರು ಕೊಟ್ಟಳು. ಆಮೇಲೆ ಇವಳತ್ತ ತಿರುಗಿದಳು.

"ಮಾತು ಒಂದೇ ಕಣೇ. ಪೋಲೆ ಪೋಲೆ ಅಂತ ಎರಡು ಸಲ ಅಂದ್ರೆ ನಿಧಾನ. ಒಂದೇ ಸಲ ಅಂದ್ರೆ ಪಾಪ. ಹೊರಡುವಾಗ ನಿನಗೆ ನೀನೇ ಎರಡು ಸಲ ಹೇಳ್ಕೊ. ಇಲ್ಲಾಂದ್ರೆ ವಾಪಸ್ ಬರುವಾಗ ಊರವರು ಒಂದು ಸಲ ಹೇಳ್ತಾರೆ."

ಶನಿವಾರದಿಂದ ಶನಿವಾರಕ್ಕೆ ದೂರ ಸ್ವಲ್ಪಸ್ವಲ್ಪವೇ ಏರಿತು, ಕುಂಟುವುದು ನಿಂತಿತು. ಎಲ್ಡೊರೆಟ್ ಪಂದ್ಯದ ದಿನ ಅರ್ಧ ದಾರಿಯಲ್ಲಿ ನಿಂತಿದ್ದ ಯಾತಿಚ್ ತಲೆಯ ಮೇಲೆ ಕೈ ಹೊತ್ತುಕೊಂಡ. ಹೆಂಡತಿ ಮೂವತ್ತು ಜನರ ಹಿಂದಿದ್ದಳು. ತುಟಿ ಮಾತ್ರ ಏನೋ ಗುಣುಗುಣು ಅನ್ನುತ್ತಿತ್ತು. ಹದಿನೈದು ಕಿಲೋಮೀಟರ್ ದಾಟಿದ ಮೇಲೆ ಮುಂದಿನವರು ಒಬ್ಬೊಬ್ಬರಾಗಿ ಸುಸ್ತಾದರು, ಅವಳು ಸುಸ್ತಾಗಲಿಲ್ಲ. ಎಂಟನೆಯವಳಾಗಿ ಗೆರೆ ದಾಟಿದಳು. ಬೈಕು ಹತ್ತಿ ಮೊದಲೇ ಅಲ್ಲಿಗೆ ತಲುಪಿದ್ದ ಯಾತಿಚ್‌ನ ಬಾಯಿಂದ ಅಭ್ಯಾಸಬಲದಿಂದ "ಪೋಲೆ" ಎಂದೇ ಬಂತು. ಕಣ್ಣೀರಿನಲ್ಲೇ ನಕ್ಕಳು ಜೆಲಗತ್.

"ಎರಡು ಸಲ ಹೇಳ್ರೀ."

ಓಡುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಈ ವಾರದ ನಿಮ್ಮ ಉದ್ದ ಓಟಕ್ಕೆ ಮಾತಾಡುವ ಗೆಳೆಯರೊಬ್ಬರನ್ನು ಕರೆದುಕೊಳ್ಳಿ. ಮಾತು ನಿಂತರೆ ವೇಗ ಇಳಿಸಿ. ದೂರವನ್ನು ಸ್ವಲ್ಪಸ್ವಲ್ಪವೇ ಏರಿಸಿ, ನೀರು ಕುಡಿಯಿರಿ, ಮಾರನೆಯ ದಿನ ಕಾಲಿಗೆ ಬಿಡುವು ಕೊಡಿ. ನೋವು ಬಂದರೆ ನಾಚಿಕೆ ಬಿಟ್ಟು ನಿಲ್ಲಿ, ವ್ಯಾನು ಇರುವುದೇ ಅದಕ್ಕೆ. ಹೊರಡುವ ಮುಂಚೆ ಮಾತ್ರ ಆ ಮಾತನ್ನು ಮರೆಯದೆ ಹೇಳಿಕೊಳ್ಳಿ, ಎರಡು ಸಲ.