ಮೇಸ್ತ್ರಿಯ ಬೆನ್ನಿಗೊಂದು ನೀಲಿ

ಗುಳು ಗುಳು, ಒಂದೇ ಒಂದು ಗುಳುಗುಳು, ಇವತ್ತು ಮನೆಯಲ್ಲಿ ಇದೊಂದೇ ಸದ್ದು, ಜೋಡಿಯದು ಇಲ್ಲ, ಒಂಟಿ ಎತ್ತು ನೊಗ ಹೊತ್ತ ಹಾಗೆ — ಅವಳು ಮೀನಿನ ಗಾಜಿನ ತೊಟ್ಟಿಯ ಹಿಂದೆ ಮಂಡಿಯೂರಿ, ಅಂಚಿಗೆ ಕಾಗದದ ಟೇಪನ್ನು ಉಗುರಿನಿಂದ ಒತ್ತುತ್ತ ಕೇಳುತ್ತಿದ್ದಾಳೆ, ಇದು ಮೀನಿನ ನೀರಿಗೆ ಗಾಳಿ ಊದುವ ಪುಟ್ಟ ಮೋಟಾರಿನದು, ಇನ್ನೊಂದು ಮಂಚದ ಪಕ್ಕದ್ದು, ಗಂಡನ ಮೂಗಿಗೆ ಆಮ್ಲಜನಕ ಕೊಡುವ ಯಂತ್ರದ್ದು, ಅದರ ಬಾಟಲಿಯ ನೀರಿನಲ್ಲೂ ಹೀಗೇ ಗುಳ್ಳೆ ಏಳುತ್ತದೆ, ಇವತ್ತು ಅದಕ್ಕೆ ರಜೆ, ಬೆಳಿಗ್ಗೆಯೇ ಅವನನ್ನು ಅವನ ಅಕ್ಕ ಸಣ್ಣ ಸಿಲಿಂಡರಿನ ಸಮೇತ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಾರೆ, ಎದೆ ಎಷ್ಟು ಚೇತರಿಸಿದೆ ಎಂದು ತೋರಿಸಲು. ಹೊರಡುವಾಗ ಅತ್ತಿಗೆ ಹೊಸ್ತಿಲಲ್ಲಿ ನಿಂತು, ಸಂಜೆವರೆಗೂ ನಾವು ಬರಲ್ಲ ಕಣೇ, ಅಷ್ಟರಲ್ಲಿ ನಿನ್ನ ಬಣ್ಣದ ಕೆಲಸ ಮುಗಿದು ವಾಸನೆನೂ ಹೋಗಿರ್ಬೇಕು, ಗಂಡನಿಗಿಂತ ಆ ಮೀನಿಗೇ ಉಪಚಾರ ಜಾಸ್ತಿ ಆಯ್ತು ನಿಂದು, ಆಗಲಿ ಬಿಡು, ಅದು ಸಾರಿಗೆ ಉಪ್ಪು ಸಾಲದು ಅಂತ ಬೈಯಲ್ಲ ನೋಡು, ಅಂದಿದ್ದರು. ಗಂಡ ನಗಲು ಹೋಗಿ ಕೆಮ್ಮಿದ, ಕೆಮ್ಮು ನಿಂತ ಮೇಲೆ ಮತ್ತೆ ನಕ್ಕ, ಆ ಎರಡನೆಯ ನಗು ನೋಡಿಯೇ ಅವಳು ಮನಸ್ಸಿನಲ್ಲಿ ಕೈ ಮುಗಿದಿದ್ದಳು, ದೇವರೇ, ಕೆಮ್ಮಿದ ಮೇಲೂ ನಗುವಷ್ಟು ಉಸಿರು ಉಳಿಸಿದ್ದೀಯಲ್ಲ. ಊರ ಕಾರು ಬಸ್ಸುಗಳಿಗೆಲ್ಲ ಬಣ್ಣ ಊದಿ ಊದಿ ತನ್ನ ಎದೆಯನ್ನು ತೂತು ಮಾಡಿಕೊಂಡವನು, ಮೂಗಿಗೆ ಒಂದು ಕರ್ಚೀಫು ಕಟ್ಟಿಕೋ ಎಂದರೆ, ನಾನೇನು ಕಳ್ಳನಾ ಮುಖ ಮುಚ್ಕೊಳ್ಳೋಕೆ ಅಂದವನು, ಈಗ ಮಂಚದ ಮೇಲೆ ಒರಗಿ ದಿನವಿಡೀ ಈ ಮೀನನ್ನೇ ನೋಡುತ್ತಾನೆ, ಕೇಸರಿ ಬಣ್ಣದ ಮುದಿ ಮೀನು, ನಾಲ್ಕೂ ಗೋಡೆ ಸುತ್ತಿ ಕೆಲಸ ಸರಿಯಿದೆಯೋ ಇಲ್ಲವೋ ಎಂದು ತಪಾಸಣೆ ಮಾಡುವಂತೆ ಓಡಾಡುತ್ತದೆಂದು ಅದಕ್ಕೆ ಮೇಸ್ತ್ರಿ ಎಂದು ಹೆಸರಿಟ್ಟಿದ್ದಾನೆ, ಅದು ಬಾಯಿ ತೆರೆದಾಗ ಇವನು ಉಸಿರು ಎಳೆಯುತ್ತಾನೆ, ಮುಚ್ಚಿದಾಗ ಬಿಡುತ್ತಾನೆ, ಹಾಗೆ ಮಾಡಿದರೆ ಗಾಬರಿ ಇಳಿಯುತ್ತದಂತೆ, ಅವಳ ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ರಾಕ್ಷಸನ ಜೀವ ಏಳು ಸಮುದ್ರದಾಚೆ ಗಿಳಿಯೊಳಗೆ ಇರುತ್ತಿತ್ತು, ನನ್ನ ರಾಕ್ಷಸನದು ಇಲ್ಲೇ, ನಡುಮನೆಯ ತೊಟ್ಟಿಯಲ್ಲಿ, ಎಂದುಕೊಂಡು ಅವಳು ಒಬ್ಬಳೇ ನಗುತ್ತಾಳೆ, ನಗುತ್ತಲೇ ಮೀನು ಈಜುತ್ತಿದೆಯೇ ಎಂದು ಇಣುಕಿ ನೋಡುತ್ತಾಳೆ.

ತೊಟ್ಟಿಯ ಹಿಂದೆ ಗೋಡೆ, ಗೋಡೆಯಲ್ಲಿ ವೈರು, ಪ್ಲಗ್ಗು, ಯಾರಾದರೂ ದಾಟಿದರೆ ನೆರಳು, ಮೇಸ್ತ್ರಿ ಬೆಚ್ಚಿ ಮೂಲೆಗೆ ಹಾರುತ್ತಿತ್ತು, ಅದು ಬೆಚ್ಚಿದರೆ ಇವನ ಉಸಿರೂ ತಾಳ ತಪ್ಪುತ್ತಿತ್ತು, ಒಂದು ದಿನ ಅವನೇ ಅಂದ, ಪಾಪ ಕಣೇ ಅದಕ್ಕೆ, ಬೆನ್ನಿಗೊಂದು ಆಸರೆ ಇಲ್ಲ, ಹಿಂದೆ ನೀಲಿ ಹೊಡೆದ್ರೆ ನೆಮ್ಮದಿಯಾಗಿರುತ್ತೆ. ಹೊಡೆಯುವವರು ಯಾರು, ಬಣ್ಣದ ಡಬ್ಬಿ ತೆರೆದ ಮನೆಗೆ ಅವನು ಕಾಲಿಡುವ ಹಾಗಿಲ್ಲವೆಂದು ಡಾಕ್ಟರ ಕಟ್ಟಪ್ಪಣೆ, ಹಾಗಾಗಿ ಅವನು ಮಂಚದಿಂದಲೇ ಪಾಠ ಮಾಡಿದ, ಅವಳು ಕೇಳಿಸಿಕೊಂಡಳು, ಒಳಗಿನ ಗಾಜಿಗೆ ಮಾತ್ರ ಒಂದು ಹನಿನೂ ತಾಗಬಾರದು, ಹೊರಗಿಂದ ಮಾತ್ರ, ನೀರು ಬೆರೆಸೋ ಬಣ್ಣನೇ ತಗೋ, ಎಣ್ಣೆ ಬಣ್ಣ ಬೇಡ, ತೊಟ್ಟಿ ಬಾಯಿಗೆ ಒದ್ದೆ ಬಟ್ಟೆ ಮುಚ್ಚು, ಕಿಟಕಿ ತೆಗೆದಿರು, ತೆಳ್ಳಗೆ ಹೊಡಿ, ಒಣಗಲಿ, ಮತ್ತೆ ಹೊಡಿ, ಮೀನನ್ನ ಬಕೆಟ್ಟಿಗೆ ಹಾಕ್ಬೇಡ, ಹೋದ ಸಲ ಹಾಕಿದಾಗ ಮಗ್ಗುಲಾಗಿ ಬಿದ್ದಿತ್ತಲ್ಲ. ನಿನ್ನೆಯೇ ಅವಳೂ ಅತ್ತಿಗೆಯೂ ಅರ್ಧ ನೀರು ಇಳಿಸಿ, ಸ್ಟ್ಯಾಂಡನ್ನು ಗೋಡೆಯಿಂದ ಈಚೆಗೆ ಎಳೆದು, ಹೊಸ ನೀರನ್ನು ಬಕೆಟ್ಟುಗಳಲ್ಲಿ ತುಂಬಿಟ್ಟಿದ್ದರು, ನಲ್ಲಿ ನೀರಿಗೆ ಬೆರೆಸಿದ ಔಷಧದ ವಾಸನೆ ಹೋಗಲೆಂದು. ಇನ್ನೊಂದು ಮಾತು ಹೇಳಿದ್ದ, ಗಾಜಿನ ಕೆಲಸ ಗೋಡೆ ಕೆಲಸದ ಹಾಗಲ್ಲ, ಗೋಡೆಗೆ ಕಡೇ ಕೋಟು ಕಾಣೋದು, ಗಾಜಿಗೆ ಮೊದಲನೇದೇ ಕಾಣೋದು, ಆಮೇಲೆ ನೀನು ಏನೇ ಬಳಿ, ಎಲ್ಲ ಅದರ ಹಿಂದೆ. ಎಂಥ ಮಾತು, ಅವಳು ರೋಲರನ್ನು ನೀಲಿಯಲ್ಲಿ ಹೊರಳಿಸುತ್ತ ಅದನ್ನೇ ಮೆಲುಕು ಹಾಕುತ್ತಾಳೆ, ದೇವರು ನಮ್ಮನ್ನು ನೋಡುವುದೂ ಗಾಜಿನ ಆ ಕಡೆಯಿಂದಲೇ ಇರಬೇಕು, ನಾವು ಮೇಲೆ ಮೇಲೆ ಬಳಿದದ್ದು ನಮ್ಮ ಕಣ್ಣಿಗೆ, ಮೊದಲ ಕೋಟು ಅವನ ಕಣ್ಣಿಗೆ — ರೋಲರು ಗಾಜಿನ ಮೇಲೆ ಏರುತ್ತದೆ, ಇಳಿಯುತ್ತದೆ, ನೀಲಿ ತೆಳ್ಳಗೆ, ಹೊಸ ಸೊಸೆ ಬಾಗಿಲ ಸಂದಿಯಿಂದ ಇಣುಕಿದ ಹಾಗೆ ಅಲ್ಲಲ್ಲಿ ಗಾಜು ಇಣುಕುತ್ತ, ಆಚೆ ಮೇಸ್ತ್ರಿಯ ಕೇಸರಿ ಮಸುಕಾಗುತ್ತ, ಮೇಸ್ತ್ರಿ ಎಲ್ಲಿ, ನಡುವಿನಲ್ಲಿ ಇಲ್ಲ, ತಳದಲ್ಲಿ ಇಲ್ಲ, ಮೇಲಿದೆ, ಯಾವತ್ತೂ ಮೇಲೆ ನಿಲ್ಲದ್ದು ಒದ್ದೆ ಬಟ್ಟೆಯ ಕೆಳಗೇ ನಿಂತಿದೆ, ಬಾಯಿ ನೀರಿನಿಂದಾಚೆ ಚಾಚಿ, ಎಳೆದು, ಎಳೆದು, ಆ ಬಾಯಿ ಅವಳಿಗೆ ಗೊತ್ತು, ವಾರ್ಡಿನಲ್ಲಿ ಆ ಮೊದಲ ರಾತ್ರಿ ತಲೆದಿಂಬಿನ ಮೇಲೆ ಅವಳು ಕಂಡ ಗಂಡನ ಬಾಯಿ.

ಏನು ತಪ್ಪಾಯಿತು, ಬಟ್ಟೆ ಮುಚ್ಚಿದೆ, ಕಿಟಕಿ ತೆಗೆದಿದೆ, ನೀರು ಬೆರೆಸುವ ಬಣ್ಣವೇ, ಒಳಗೆ ಒಂದು ಹನಿಯೂ ಇಲ್ಲ, ಅವಳು ಬಗ್ಗಿ ನೋಡುತ್ತಾಳೆ, ಕೈ ಊರುತ್ತಾಳೆ, ಹೆಬ್ಬೆರಳು ಹಸಿ ನೀಲಿಗೆ ತಾಗುತ್ತದೆ, ಹೋಗಲಿ, ಸ್ಟ್ಯಾಂಡಿನ ಕೆಳಗೆ ಗಾಳಿ ಊದುವ ಮೋಟಾರು, ಅದರ ಮಗ್ಗುಲಲ್ಲೇ ಮುದುಡಿ ಬಿದ್ದ ಚಿಂದಿ ಬಟ್ಟೆ, ಬೆಳಿಗ್ಗೆ ಅಂಗಡಿಯ ಲೇಬಲ್ಲಿನ ಅಂಟು ಬಿಡದೆ ಅವಳು ಗಾಜನ್ನು ಉಜ್ಜಿದ್ದು ಅದರಲ್ಲೇ, ಅವನ ಹಳೇ ಕೆಲಸದ ಚೀಲದಲ್ಲಿದ್ದ, ಬಣ್ಣ ತೆಳುಮಾಡುವ ಥಿನ್ನರಿನಲ್ಲಿ ಅದ್ದಿ — ಥಿನ್ನರು, ಅಯ್ಯೋ ನನ್ನ ಬುದ್ಧಿಗಿಷ್ಟು, ಬಣ್ಣದ ವಾಸನೆಗೆ ಕಿಟಕಿ ತೆಗೆದವಳಿಗೆ ಥಿನ್ನರು ಒಂದು ವಾಸನೆ ಅಂತಲೇ ಅನಿಸಲಿಲ್ಲವಲ್ಲ, ಹೇಗೆ ಅನಿಸೀತು, ಮದುವೆಯಾದ ದಿನದಿಂದ ಅವನ ಅಂಗಿ ಅದೇ, ತಲೆದಿಂಬು ಅದೇ, ಅವನು ಕೆಲಸದಿಂದ ಬಂದನೆಂದು ಬಾಗಿಲು ತೆರೆಯುವ ಮೊದಲೇ ಹೇಳುತ್ತಿದ್ದುದು ಅದೇ, ಅವಳ ಮೂಗಿಗೆ ಅದು ಗಂಡ, ಗಂಡನನ್ನು ಯಾರು ವಾಸನೆ ಎಂದು ಲೆಕ್ಕ ಹಾಕುತ್ತಾರೆ. ಮೋಟಾರು ಪಾಪದ್ದು, ತಾನು ಕೂತ ಜಾಗದ ಗಾಳಿಯನ್ನೇ ಕುಡಿದು ನೀರಿಗೆ ಊದಿದೆ, ವರ್ಕ್‌ಶಾಪಿನಲ್ಲಿ ಅವನೂ ಹಾಗೇ, ಕೂತ ಜಾಗದ ಗಾಳಿಯನ್ನೇ. ಅವಳು ಸ್ವಿಚ್ಚು ಆರಿಸುತ್ತಾಳೆ, ಗುಳುಗುಳು ನಿಲ್ಲುತ್ತದೆ, ಮನೆಯಲ್ಲಿ ಈಗ ಒಂದೂ ಇಲ್ಲ, ದೇವರೇ, ಚಿಂದಿಯನ್ನು ಬಾಲ್ಕನಿಗೆ ಎಸೆದು, ಬೇಡ, ಅಲ್ಲಿಯ ಗಾಳಿ ಬೇಕು, ಕೆಳಗಿನ ಕಸದ ಡಬ್ಬಿಗೆ ಹಾಕಿ ಮೆಟ್ಟಿಲು ಹತ್ತಿ ಬಂದು, ಕೈ ತೊಳೆದು, ಮೊಣಕೈವರೆಗೂ ತೊಳೆದು, ಚೊಂಬಿನಿಂದ ಹಳೇ ನೀರು ತೋಡಿ, ಬಕೆಟ್ಟಿನ ಹೊಸ ನೀರನ್ನು ಮಗುವಿಗೆ ಎರೆದ ಹಾಗೆ ನಿಧಾನವಾಗಿ ಸುರಿದು, ಮೋಟಾರನ್ನು ಕಿಟಕಿಯಾಚೆ ಬಾಲ್ಕನಿಯಲ್ಲಿಟ್ಟಳು, ಒಳ್ಳೇ ಗಾಳಿ ಅಲ್ಲಿದೆ, ಅದರ ಕೊಳವೆ ಮಾತ್ರ ಅಲ್ಲಿಂದ ತೊಟ್ಟಿಯವರೆಗೂ ಎಟಕದು. ಉದ್ದ ಕೊಳವೆ ಎಲ್ಲಿದೆ, ಎಲ್ಲಿದೆ, ಮಂಚದ ಪಕ್ಕದ ಡ್ರಾಯರಿನಲ್ಲಿ, ಇನ್ನೊಂದು ಇರಲಿ ಅಮ್ಮಾ, ಬೇಕಾಗುತ್ತೆ, ಎಂದು ಆಸ್ಪತ್ರೆಯ ಪುಣ್ಯಾತ್ಗಿತ್ತಿ ನರ್ಸು ಕೈಗಿಟ್ಟ ಗಂಡನ ಆಮ್ಲಜನಕದ ಕೊಳವೆ, ಸುರುಳಿ ಸುತ್ತಿದ್ದು ಸುತ್ತಿದ ಹಾಗೇ, ಮೂಗಿಗೆ ಸಿಕ್ಕಿಸುವ ತುದಿಯನ್ನು ಕತ್ತರಿಸಿ, ಮೋಟಾರಿಗೆ ಬಿಗಿದು, ಇನ್ನೊಂದು ತುದಿಯನ್ನು ನೀರಿಗೆ ಇಳಿಬಿಟ್ಟು, ಸ್ವಿಚ್ಚಿನ ಮೇಲೆ ಬೆರಳಿಟ್ಟು ಅವಳು ಯಾವ ದೇವರ ಹೆಸರನ್ನೂ ಹೇಳಲಿಲ್ಲ, ನೀನೇ, ಎಂದಳು ಅಷ್ಟೇ. ಮೊದಲ ಗುಳ್ಳೆ ಏಳಲು ತಡವಾಯಿತು. ಎದ್ದಿತು. ಆಮೇಲೆ ಒಂದರ ಹಿಂದೆ ಒಂದು, ಅವಳು ನೆಲದ ಮೇಲೆ ಕೂತು ಮೀನಿನ ಬಾಯಿಯನ್ನೇ ನೋಡುತ್ತ, ಅದು ತೆರೆದಾಗ ಎಳೆದು, ಮುಚ್ಚಿದಾಗ ಬಿಟ್ಟು, ಅವನ ಹಾಗೇ, ಬಿಸಿಲು ಕಿಟಕಿಯಿಂದ ಮಂಚದವರೆಗೆ ಸರಿಯಿತು, ಅಷ್ಟು ಹೊತ್ತಿನ ಮೇಲೆ ಮೇಸ್ತ್ರಿ ಒಂದು ಗೇಣು ಇಳಿಯಿತು, ಇನ್ನೊಂದು ಗೇಣು, ನೀಲಿ ಗಾಜಿನ ಮುಂದೆ ಒಮ್ಮೆ ಹಾದು ಕೆಲಸ ನೋಡಿತು, ಅವಳಿಗೆ ಅಳು ಬಂತು, ಅಳುತ್ತಲೇ ಎರಡನೆಯ ಕೋಟು ಹೊಡೆದಳು.

ಮೆಟ್ಟಿಲಲ್ಲಿ ಅತ್ತಿಗೆಯ ದನಿ, ನಿಧಾನ ಕಣೋ, ಒಲಿಂಪಿಕ್ಸಿಗೆ ಹೊರಟವನ ಹಾಗೆ ಹತ್ತಬೇಡ, ಅವನು ಬಂದ, ಹೊಸ್ತಿಲಲ್ಲೇ ನಿಂತು ಮೂಗೆಳೆದು ನೋಡಿದ, ಏನೂ ಇಲ್ಲ, ಒಳಗೆ ಬಂದು ಮಂಚದ ಮೇಲೆ ಕೂತ, ಕಿಟಕಿಯಿಂದ ಬಂದ ಕೊಳವೆಯನ್ನು ಕಣ್ಣಲ್ಲೇ ಹಿಂಬಾಲಿಸಿ ನೀರಿನವರೆಗೂ ಹೋದ, ಅವಳು ಎಲ್ಲ ಹೇಳಿದಳು, ಥಿನ್ನರು, ಚಿಂದಿ, ಮೇಲೆ ಬಂದ ಬಾಯಿ, ಒಂದನ್ನೂ ಮುಚ್ಚಿಡಲಿಲ್ಲ, ಬೈಯುತ್ತಾನೆಂದು ಕಾದಳು, ಅವನು ಮೇಸ್ತ್ರಿಯತ್ತ ನೋಡುತ್ತ, ಅಂಟಿಗೆ ಬಿಸಿ ನೀರು ಸಾಕು ಅಂತ ನಾನೇ ಹೇಳಬೇಕಿತ್ತು, ನಂಗೂ ಅದು ವಾಸನೆ ಅಂತ ಮರೆತೇಹೋಗಿದೆ ಕಣೇ, ಅಂದ. ಆಮೇಲೆ ನೀಲಿಯ ಮೂಲೆಯಲ್ಲಿ ಹೆಬ್ಬೆರಳಿನಗಲ ತಿಳಿಯಾಗಿ ಕಂಡ ಗುರುತನ್ನು ನೋಡಿ, ಇದೇನು, ಪೇಂಟರಮ್ಮ ಸಹಿನೂ ಹಾಕಿದ್ದಾರೆ, ಅಂದ, ಅತ್ತಿಗೆ ಅಡುಗೆಮನೆಯಿಂದ, ಹೆಬ್ಬೆಟ್ಟಿನ ಸಹಿ, ನಮ್ಮ ಮನೆಗೆ ಬಂದ ಹೆಣ್ಣೇ ಅಷ್ಟು ಓದಿದ್ದು. ಹೊರಗೆ ಸಂಜೆ, ಅವನ ಮೂಗಿನಲ್ಲಿ ಏನೂ ಇಲ್ಲ, ಅವಳಿಗೆ ಆಗಲೇ ಹೊಳೆದದ್ದು, ಸಣ್ಣ ಸಿಲಿಂಡರನ್ನು ಬಾಗಿಲಲ್ಲೇ ಇಳಿಸಿದ್ದಾನೆ, ಅಭ್ಯಾಸಬಲದಿಂದ ಅವಳ ಕೈ ಯಂತ್ರದ ಸ್ವಿಚ್ಚಿಗೆ ಹೋಯಿತು, ಅವನು ಆ ಕೈಯನ್ನು, ಉಗುರಿನಲ್ಲಿ ಇನ್ನೂ ನೀಲಿ ಉಳಿದಿದ್ದ ಕೈಯನ್ನು ಹಿಡಿದುಕೊಂಡ, ಬೇಡ, ಕೂತಾಗ ಬೇಕಿಲ್ಲ ಅಂದಿದ್ದಾರೆ ಡಾಕ್ಟರು, ರಾತ್ರಿ ಮಲಗುವಾಗ ಸಾಕಂತೆ, ಈಗ ಮೇಸ್ತ್ರಿಯ ಗುಳುಗುಳುನೇ ಕೇಳೋಣ. ಇವತ್ತಿನ ದಿನಕ್ಕೆ, ಆ ನರ್ಸಿನ ಕೈಗೆ, ಬಕೆಟ್ಟಿನಲ್ಲಿ ಕಾದಿದ್ದ ನೀರಿಗೆ, ಕಿಟಕಿಯಾಚೆಯ ಗಾಳಿಗೆ, ಯಾರ್ಯಾರಿಗೆ ಎಂದು ಕೈ ಮುಗಿಯಲಿ, ಅವಳು ಯೋಚಿಸುತ್ತಾಳೆ, ಯೋಚನೆ ಅರ್ಧಕ್ಕೆ ನಿಲ್ಲುತ್ತದೆ, ನೀಲಿಯ ಮುಂದೆ ಅವನ ಕೊಳವೆಯ ತುದಿಯಿಂದ ಒಂದು ಗುಳ್ಳೆ, ಮೇಲೆ, ಮೇಲೆ, ಒಡೆಯಿತು, ಮತ್ತೆ ಒಂದು ಗುಳ್ಳೆ —