ಉಮಾಳ ಊರು

“ಎಲ್ಲಾ ತಗೊಂಡೀರಿಲ್ರಿ?” ಎಂದು ರಿಪೇರಿ ಅಂಗಡಿಯ ಗಯಾಸ ಸ್ಕ್ರೂಡ್ರೈವರ್ ಹಿಡಿದ ಕೈಯನ್ನು ಅರ್ಧಕ್ಕೇ ನಿಲ್ಲಿಸಿ ಕೇಳಿದ.

ಬಸವಂತ್ರಾಯ ತಾನು ತಂದಿದ್ದ ಕೈಚೀಲದೊಳಗೆ ಇನ್ನೊಮ್ಮೆ ಇಣುಕಿದ. ಟೀವಿಗೆ ಹಾಕುವ ವೈರು ಇತ್ತು, ಕರೆಂಟಿನ ವೈರು ಇತ್ತು, ಆಡುವವರು ಕೈಯಲ್ಲಿ ಹಿಡಿಯುವ ಎರಡು ರಿಮೋಟುಗಳೂ ಇದ್ದವು. ಏನನ್ನೂ ಮನೆಯಲ್ಲಿ ಮರೆತು ಬಂದಿರಲಿಲ್ಲ. “ಎಲ್ಲಾ ತಗೊಂಡೀನಿ, ನೀ ಬಿಚ್ಚು” ಎಂದ.

ಗಯಾಸ ಗೇಮ್ ಡಬ್ಬಿಯನ್ನು ಬೋರಲು ಹಾಕಿ, ಪಕ್ಕದ ಮುಚ್ಚಳ ತೆಗೆದು, ಒಳಗಿನ ಹಾರ್ಡ್ ಡಿಸ್ಕನ್ನು ಹೊರಗೆಳೆದು ಮೇಜಿನ ಮೇಲಿಟ್ಟ. ಎಲೆ ಅಡಿಕೆ ಡಬ್ಬಿಯಷ್ಟೂ ಇರಲಿಲ್ಲ ಅದು. ಆಮೇಲೆ ಹೊಸದನ್ನು ಕವರಿನಿಂದ ತೆಗೆದ. ಅದೂ ಅಷ್ಟೇ ಇತ್ತು. ಶಹಾಪುರದ ಬಜಾರಿನಲ್ಲಿ ಇಪ್ಪತ್ತು ವರ್ಷದಿಂದ ಭಾಂಡೆ ಅಂಗಡಿ ಇಟ್ಟವನಿಗೆ, ದೊಡ್ಡ ಪಾತ್ರೆ ಅಂದರೆ ದೊಡ್ಡದಾಗಿಯೇ ಇರಬೇಕು.

“ದೊಡ್ಡದು ಕೊಡು ಅಂದ್ರ ಹಳೇದರಷ್ಟ ಕೊಡ್ತಿಯಲ್ಲೋ.”

“ಹೊರಗ ಅಷ್ಟ ಕಾಣ್ತದ್ರಿ ಸಾವ್ಕಾರ್ರ. ಹಳೇದು ಚರಗಿ ಅನ್ಕೋರಿ, ಇದು ಹಂಡೆ.”

ಭಾಂಡೆ ವ್ಯಾಪಾರಿಗೆ ಇದಕ್ಕಿಂತ ಚೆನ್ನಾಗಿ ಯಾರು ತಿಳಿಸಿ ಹೇಳಿಯಾರು? ಬಸವಂತ್ರಾಯ ನಕ್ಕ. ಹಳೆಯ ಡಿಸ್ಕು ಬೇಕೇನು ಎಂದು ಗಯಾಸ ಕೇಳಿದಾಗ, ನೀನೇ ಇಟ್ಕೋ ಎಂದು ದೊಡ್ಡ ಮನಸ್ಸಿನಿಂದ ಹೇಳಿದ. ಅವನ ಅಂಗಡಿಯಲ್ಲೂ ಹಾಗೆಯೇ. ಹೊಸ ಕೊಡ ಒಯ್ಯುವವರು ನೆಗ್ಗಿದ ಹಳೇ ಕೊಡವನ್ನು ಬಿಟ್ಟೇ ಹೋಗುತ್ತಾರೆ. ಇನ್ನು ಚರಗಿಯಲ್ಲಿದ್ದ ನೀರಿನ ಮಾತು. ಅದನ್ನು ಹಂಡೆಗೆ ಸುರಿಯುವುದು ಗಯಾಸನ ಕೆಲಸ ಎಂದು ಬಸವಂತ್ರಾಯ ತಿಳಿದಿದ್ದ. ಸಾವ್ಕಾರನೇ ಸುರಿದಿಟ್ಟುಕೊಂಡು ಬಂದಿದ್ದಾನೆ ಎಂದು ಗಯಾಸ ತಿಳಿದಿದ್ದ. ‘ಎಲ್ಲಾ’ ಎನ್ನುವ ಒಂದೇ ಮಾತು, ಇಬ್ಬರ ಕಿವಿಗೆ ಎರಡಾಗಿ ಬಿದ್ದಿತ್ತು.

ಆ ಡಬ್ಬಿ ಬಸವಂತ್ರಾಯನದಲ್ಲ, ಮಗಳು ಉಮಾಳದು. ಸುರಪುರದಲ್ಲಿ ಹುಡುಗರು ತಾಸಿಗಿಷ್ಟು ಕೊಟ್ಟು ಗೇಮ್ ಆಡುತ್ತಿದ್ದ ಅಂಗಡಿಯೊಂದು ಮುಚ್ಚಿದಾಗ ಅಲ್ಲಿಂದ ತಂದಿದ್ದ. ತಂದಾಗಲೇ ಅದು ಹಳೆಯದು, ಮೈತುಂಬ ಗೀರು. ಆಗ ಅವನ ಹೆಂಡತಿ ಅನುರಾಧಾ ಮನೆ ಬಿಟ್ಟು ಸೈದಾಪುರದ ತನ್ನ ತಮ್ಮ ದೇವಿಂದ್ರನ ಮನೆ ಸೇರಿದ್ದಳು. ಕಡೇಚೂರಿನ ಒಂದು ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ಕೆಲಸವೂ ಸಿಕ್ಕಿತ್ತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರದು ಉಂಡು ಮಲಗಿ ಎದ್ದ ಮೇಲೂ ಹೊಸದಾಗಿ ಶುರುವಾಗುತ್ತಿತ್ತು. ಕಾರಣ ಕೇಳಿದರೆ ಇಬ್ಬರೂ ಬೇರೆ ಬೇರೆ ಹೇಳುತ್ತಾರೆ, ಇಬ್ಬರದೂ ನಿಜವೇ ಇರಬೇಕು.

ಕೂಸು ಬಡವಾಗಬಾರದೆಂದು ಎರಡೂ ಕಡೆಯ ಹಿರಿಯರು ಕೂತು ಒಂದು ತೀರ್ಮಾನ ಮಾಡಿದ್ದರು. ತಿಂಗಳಿಗೊಮ್ಮೆ, ಎರಡನೇ ಶನಿವಾರ, ಉಮಾ ಶಹಾಪುರಕ್ಕೆ ಬಂದು ಭಾನುವಾರ ಸಂಜೆ ವಾಪಸು ಹೋಗಬೇಕು. ಹುಡುಗಿಗೆ ಮನಸ್ಸಿದ್ದಷ್ಟು ದಿನ ಬರಲಿ ಎಂದು ಕೊನೆಗೊಂದು ಮಾತು ಸೇರಿಸಿದ್ದರು. ಉಳಿದದ್ದೆಲ್ಲ ಬಸವಂತ್ರಾಯನಿಗೆ ಮರೆತುಹೋಗಿತ್ತು, ಈ ಮಾತೊಂದು ಬಿಟ್ಟು. ಒಂದು ತಿಂಗಳು ಅವಳಿಗೆ ಮನಸ್ಸಾಗದಿದ್ದರೆ ಮುಗಿಯಿತು. ಯಾರನ್ನು ಹೋಗಿ ಕೇಳುವುದು?

ಅದಕ್ಕೇ ಆ ಡಬ್ಬಿ. ಉಮಾ ಅದರಲ್ಲಿ ಒಂದು ಊರು ಕಟ್ಟಿದ್ದಳು. ಇಟ್ಟಿಗೆ ಇಟ್ಟಿಗೆಯಾಗಿ ಮನೆ ಎಬ್ಬಿಸುವ ಆಟ ಅದು. ಐದನೇ ತರಗತಿಯಿಂದ ಹಿಡಿದು ಎಂಟನೇ ತರಗತಿಯ ತನಕ ಬಂದಾಗೊಮ್ಮೆ ಒಂದೊಂದು ಸೇರಿಸುತ್ತ ಬಂದಿದ್ದಳು. ಹೊಳೆ ಇತ್ತು, ಹೊಳೆಗೆ ಸೇತುವೆ ಇತ್ತು, ಹಿಟ್ಟಿನ ಗಿರಣಿ, ಶಾಲೆ, ಬಸ್‌ಸ್ಟ್ಯಾಂಡು ಎಲ್ಲ ಇದ್ದವು. ಒಂದು ಭಾಂಡೆ ಅಂಗಡಿಯೂ ಇತ್ತು. ಎರಡನೇ ರಿಮೋಟನ್ನು ಅಪ್ಪನ ಕೈಗೆ ಕೊಡುತ್ತಿದ್ದಳು. ಅವನ ಗೊಂಬೆ ನೆಟ್ಟಗೆ ನಡೆದದ್ದೇ ಇಲ್ಲ. “ಅಪ್ಪಾ, ಮತ್ತ ಹೊಳಿಗಿ ಬಿದ್ದಿ ನೋಡು. ಸರಿ ಆಕಡಿ” ಎಂದು ಅವನ ಪಕ್ಕೆಗೆ ಮೊಣಕೈಯಿಂದ ತಿವಿದು ರಿಮೋಟು ಕಸಿದುಕೊಳ್ಳುತ್ತಿದ್ದಳು. ಆ ತಿವಿತಕ್ಕಾಗಿ ಅವನು ತಿಂಗಳಿಡೀ ಕಾಯುತ್ತಿದ್ದ.

ಹಿಂದಿನ ತಿಂಗಳು ಬಂದಾಗ ಊರಿಗೊಂದು ಕೆರೆ ಮಾಡಲು ಹೊರಟಿದ್ದಳು. ಡಬ್ಬಿಯಲ್ಲಿ ಜಾಗ ಇಲ್ಲ ಎಂದು ಪರದೆಯ ಮೇಲೆ ಬಂತು. ಏನನ್ನಾದರೂ ಅಳಿಸಬೇಕಿತ್ತು. ಅವಳು ಬಹಳ ಹೊತ್ತು ಒಂದೊಂದೇ ಮನೆಯ ಮುಂದೆ ನಿಂತು ನೋಡಿ, ಯಾವುದನ್ನೂ ಅಳಿಸದೆ ಆಟ ಮುಚ್ಚಿದಳು. ದೇವಿಂದ್ರನ ಮನೆಯಲ್ಲಿ ದೊಡ್ಡ ಟೀವಿ ಇದೆ, ಲ್ಯಾಪ್‌ಟಾಪ್ ಇದೆ. ಇಲ್ಲಿ ಜಾಗ ಸಾಲದೆ ಹೋದರೆ ಮಗಳು ಜಾಗ ಇದ್ದಲ್ಲಿ ಆಡಿಕೊಳ್ಳುತ್ತಾಳೆ ಎಂದು ಬಸವಂತ್ರಾಯ ಹೆದರಿದ. ಆ ಹೆದರಿಕೆಯೇ ಅವನನ್ನು ಗಯಾಸನ ಅಂಗಡಿಗೆ ಎಳೆದು ತಂದಿತ್ತು.

ಶನಿವಾರ ಮಧ್ಯಾಹ್ನದ ಬಸ್ಸಿಗೆ ಉಮಾ ಬಂದಳು. ಮಂಡಾಳ ಒಗ್ಗರಣೆ, ಮೆಣಸಿನಕಾಯಿ ಭಜಿ ತಂದಿಟ್ಟಿದ್ದ. ತಿನ್ನುತ್ತ ತಿನ್ನುತ್ತಲೇ ಅವಳ ಕಣ್ಣು ಟೀವಿಯ ಕೆಳಗೆ ಹೋಯಿತು. ಡಬ್ಬಿಯ ನೆತ್ತಿಗೆ ಬಸವಂತ್ರಾಯ ಕುಂಕುಮ ಹಚ್ಚಿದ್ದ.

“ಅಪ್ಪಾ, ಇದಕ್ಕೂ ಕುಂಕುಮ ಹಚ್ಚಿಯೇನು?” ಎಂದು ನಕ್ಕಳು.

ಹೊಸ ಡಿಸ್ಕು ಹಾಕಿಸಿದ ಸುದ್ದಿಯನ್ನು ಅವನು ಒಂದೇ ಉಸಿರಿಗೆ ಹೇಳಿದ. ನಿನ್ನ ಕೈಯಿಂದಲೇ ಶುರುವಾಗಲಿ ಎಂದು ತಾನು ಮುಟ್ಟಿಯೂ ನೋಡಿಲ್ಲ, ಇನ್ನು ಕೆರೆಯಷ್ಟೇ ಏಕೆ, ಸಮುದ್ರವನ್ನೇ ಮಾಡು ಎಂದ. ಉಮಾ ಎಣ್ಣೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಸ್ವಿಚ್ಚು ಒತ್ತಿದಳು. ಪರದೆ ಬೆಳಗಿ ಮೊದಲು ಭಾಷೆ ಯಾವುದೆಂದು ಕೇಳಿತು. ಆಮೇಲೆ ತಾರೀಖು ಕೇಳಿತು. ಆಮೇಲೆ ಆಡುವವರ ಹೆಸರೇನೆಂದು ಕೇಳಿತು.

“ನನ್ನ ಹೆಸರ ಯಾಕ ಕೇಳ್ತದ ಇದು?” ಎಂದಳು.

ಹೆಸರು ಬರೆದಳು. ಆಟದ ಸೀಡಿ ಹಾಕಿ ತೆರೆದಳು. ಹಸಿರು ಬಯಲೊಂದು ಬಂತು. ಅವಳು ರಿಮೋಟು ತಿರುಗಿಸಿ ತಿರುಗಿಸಿ ಎಡಕ್ಕೆ ನಡೆದಳು, ಬಲಕ್ಕೆ ನಡೆದಳು. ಎಷ್ಟು ನಡೆದರೂ ಹುಲ್ಲೇ. ಹೊಳೆ ಇರಬೇಕಾದಲ್ಲಿ ಹೊಳೆ ಇರಲಿಲ್ಲ. ಬಸವಂತ್ರಾಯನಿಗೆ ಇನ್ನೂ ತಿಳಿದಿರಲಿಲ್ಲ, ಊರು ಮುಂದೆಲ್ಲೋ ಇದ್ದೀತು ಎಂದುಕೊಂಡು ಕೂತಿದ್ದ. “ಈಗ ಭಾಳ ಜಾಗ ಅದ ನೋಡವ್ವಾ” ಎಂದ.

“ಹೌದ್ರಿ” ಎಂದಳು ಉಮಾ. “ಜಾಗ ಭಾಳ ಅದ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅಳು ಇರಲಿಲ್ಲ. ಊರು ಇದ್ದ ಹಳೆಯ ಡಿಸ್ಕು ಎಲ್ಲಿದೆ ಎಂದು ಕೇಳಿದಳು. ಗಯಾಸನಿಗೆ ಕೊಟ್ಟೆ ಎಂದ. ಅವಳು ರಿಮೋಟನ್ನು ಮೆಲ್ಲಗೆ ಚಾಪೆಯ ಮೇಲಿಟ್ಟಳು.

“ಇರ್ಲಿ ಬಿಡ್ರಿ. ನಿಮಗ ಗೊತ್ತಿರಲಿಲ್ಲ.”

ಈ ಸೀಮೆಯಲ್ಲಿ ‘ರಿ’ ಎನ್ನುವುದು ಮರ್ಯಾದೆಯ ಮಾತು. ಬೀಗರಿಗೆ ಅನ್ನುತ್ತಾರೆ, ಮಾಸ್ತರರಿಗೆ ಅನ್ನುತ್ತಾರೆ, ಬಸ್ಸಿನಲ್ಲಿ ಸರಿದು ಕೂಡ್ರಲು ಕೇಳುವಾಗ ಪರ ಊರಿನವರಿಗೆ ಅನ್ನುತ್ತಾರೆ. ಕೆಲವು ಮನೆಗಳಲ್ಲಿ ಅಪ್ಪನಿಗೂ ಅನ್ನುತ್ತಾರೆ, ಆದರೆ ಈ ಮನೆಯಲ್ಲಿ ಯಾವತ್ತೂ ಅಂದಿರಲಿಲ್ಲ. ಹುಟ್ಟಿದಾಗಿನಿಂದ ಬಾ, ಹೋಗು, ಸರಿ ಆಕಡಿ ಎನ್ನುತ್ತಿದ್ದ ಕೂಸು ಇವತ್ತು ಅವನಿಗೆ ಮರ್ಯಾದೆ ಕೊಟ್ಟಿತ್ತು. ಬೈದು, ರಿಮೋಟು ಎಸೆದು, ಅತ್ತಿದ್ದರೆ ಬಸವಂತ್ರಾಯ ಬದುಕುತ್ತಿದ್ದ.

ಚಪ್ಪಲಿ ಮೆಟ್ಟಿಕೊಂಡವನೇ ಗಯಾಸನಲ್ಲಿಗೆ ಓಡಿದ. ಗಯಾಸ ಕೇಳಿದ ಕೂಡಲೇ ಹಣೆ ಹಿಡಿದುಕೊಂಡ. ಡಿಸ್ಕಿನ ಒಳಗಿದ್ದದ್ದನ್ನೆಲ್ಲ ತೆಗೆದುಕೊಂಡಿದ್ದೀರಾ ಎಂದು ತಾನು ಕೇಳಿದ್ದು, ವೈರಿನ ಮಾತಲ್ಲ ಎಂದ. ಹಳೆಯ ಡಿಸ್ಕನ್ನು ಅವನು ಮರುದಿನವೇ ಪೂರಾ ಅಳಿಸಿ, ಬಸ್‌ಸ್ಟ್ಯಾಂಡ್ ರಸ್ತೆಯ ವಿಶ್ವರಾಧ್ಯನ ಬಟ್ಟೆ ಅಂಗಡಿಯ ಸಿಸಿಟಿವಿಗೆ ಹಾಕಿಬಿಟ್ಟಿದ್ದ. ವಾಪಸು ತಂದರೆ ಬರುತ್ತದೇನೋ ಎಂದು ಬಸವಂತ್ರಾಯ ಬೇಡಿಕೊಂಡ.

“ಬರಂಗಿಲ್ರಿ ಸಾವ್ಕಾರ್ರ. ಅದರ ಮ್ಯಾಲ ಈಗ ಕ್ಯಾಮೆರಾ ಅಂಗಡಿ ಮುಂದಿನ ರಸ್ತೆ ಬರದದ” ಎಂದ ಗಯಾಸ. ತನ್ನ ಕಡೆಯಿಂದಲೂ ತಪ್ಪಾಯಿತು, ಎರಡು ಸಲ ಕೇಳಬೇಕಿತ್ತು ಎಂದೂ ಹೇಳಿದ. ಕೇಳಿಸಿಕೊಳ್ಳಲು ಬಸವಂತ್ರಾಯ ಅಲ್ಲಿ ನಿಂತಿರಲಿಲ್ಲ.

ಮನೆಗೆ ಬಂದಾಗ ಉಮಾ ಪಾಠದ ಪುಸ್ತಕ ತೆರೆದುಕೊಂಡು ಕೂತಿದ್ದಳು. ಸೋಮವಾರ ಪರೀಕ್ಷೆ ಇದೆ, ನಾಳೆ ಸಂಜೆಯ ಬದಲು ಬೆಳಿಗ್ಗೆಯ ಬಸ್ಸಿಗೇ ಹೋಗುತ್ತೇನೆ ಎಂದಳು. ಅನ್ನ ಸಾರು ಚೆನ್ನಾಗಿದೆ ಎಂದಳು. ತಾನು ಉಂಡ ತಟ್ಟೆಯನ್ನು ತಾನೇ ತೊಳೆದಿಟ್ಟಳು. ನೆಂಟರ ಮನೆಗೆ ಹೋದವರು ಹಾಗೆಯೇ ಮಾಡುತ್ತಾರೆ. ಅವಳು ಉಣ್ಣುವಾಗ ಬಸವಂತ್ರಾಯನಿಗೆ ಕ್ಷಮೆ ಕೇಳಬೇಕೆನಿಸಿತ್ತು. ಹೇಗೆ ಕೇಳುವುದೆಂದು ಗೊತ್ತಾಗದೆ ಇನ್ನಷ್ಟು ಸಾರು ಹಾಕಲೇ ಎಂದು ಕೇಳಿದ್ದ.

ಬೆಳಿಗ್ಗೆ ಅವಳ ಬ್ಯಾಗು ತಾನೇ ಹೊತ್ತುಕೊಂಡು ಬಸ್‌ಸ್ಟ್ಯಾಂಡಿಗೆ ನಡೆದ. ದಾರಿಯುದ್ದಕ್ಕೂ ಮುಂದೆ ಮುಂದೆ ನಡೆದ. ಹಿಂದೆ ತಿರುಗಿದರೆ ಮಗಳ ಮುಖ ನೋಡಬೇಕಾಗುತ್ತದಲ್ಲ. ಯಾದಗಿರಿಯ ಬಸ್ಸು ನಿಂತಿತ್ತು. ಯಾದಗಿರಿ ನಿಲ್ದಾಣದಲ್ಲಿ ದೇವಿಂದ್ರ ಕಾದಿರುತ್ತಾನೆ, ಅವನ ಕೈಗೇ ಒಪ್ಪಿಸಿರಿ ಎಂದು ಕಂಡಕ್ಟರಿಗೆ ಹೇಳಿ, ಕಿಟಕಿಯ ಬದಿಯ ಸೀಟು ಹಿಡಿಸಿ ಕೆಳಗಿಳಿದ. ಕಿಟಕಿಯ ಹತ್ತಿರ ನಿಂತಾಗ ಉಮಾ ಅದರ ಸರಳು ಉಜ್ಜುತ್ತ ಮಾತಾಡಿದಳು.

“ಶನಿವಾರ ಬಂದಾಗೊಮ್ಮೆ ಮಾಮ ಹೋಗಬ್ಯಾಡ ಅಂತಿದ್ದ. ಲ್ಯಾಪ್‌ಟಾಪ್‌ನ್ಯಾಗ ಇಲ್ಲೇ ಹೊಸಾ ಊರು ಮಾಡ್ಕೋ ಅಂತಿದ್ದ. ಅವ್ವನೂ ಸುಮ್ಮ ಕೂಡ್ತಿದ್ಳು. ನನ್ನ ಊರು ಶಹಾಪುರದಾಗ ಅದ, ನಾ ಹೋಗಬೇಕು ಅಂತ ಹಟ ಮಾಡಿ ಬರ್ತಿದ್ದೆ.” ಸರಳಿನಿಂದ ಕೈ ತೆಗೆದಳು. “ಇನ್ನ ಏನಂತ ಹೇಳಬೇಕ್ರಿ ನಾ?”

ಅಪ್ಪನನ್ನು ನೋಡಲು ಹೋಗುತ್ತೇನೆ ಅನ್ನು. ಬಸವಂತ್ರಾಯನಿಗೆ ಹೊಳೆದದ್ದು ಆ ಮಾತೇ. ಆದರೆ ಆ ಮನೆಯಲ್ಲಿ ಅದನ್ನು ಹೇಳಿ ದಕ್ಕಿಸಿಕೊಳ್ಳುವುದು ಎಷ್ಟು ಕಷ್ಟವೆಂದು ಅವನಿಗೆ ಗೊತ್ತಿತ್ತು. ಅದಕ್ಕೇ ಕೂಸು ಮೂರು ವರ್ಷ ಊರಿನ ನೆಪ ಹೇಳಿಕೊಂಡು ಬಂದಿತ್ತು. ಆ ಭಾರವನ್ನು ಅವಳ ತಲೆಯ ಮೇಲೆ ಹೊರಿಸಲು ಅವನಿಗೆ ಬಾಯಿ ಬರಲಿಲ್ಲ. “ಪರೀಕ್ಷಾ ಚೆಂದಾಗಿ ಬರಿ” ಎಂದ. ಬಸ್ಸು ಹೊರಟಿತು.

ಅಂಗಡಿಯ ಕಡೆ ಹೋಗಬೇಕಾದವನು ವಿಶ್ವರಾಧ್ಯನ ಬಟ್ಟೆ ಅಂಗಡಿಯ ಮೆಟ್ಟಿಲು ಹತ್ತಿದ. ಯಾಕೆ ಹತ್ತಿದ ಎಂದು ಕೇಳಿದರೆ ಅವನಿಗೂ ಹೇಳಲು ಬರುತ್ತಿರಲಿಲ್ಲ. ಆ ಡಿಸ್ಕು ಇರುವ ಜಾಗವನ್ನಾದರೂ ಒಮ್ಮೆ ನೋಡಬೇಕಿತ್ತು. ವಿಶ್ವರಾಧ್ಯ ಆಗಷ್ಟೇ ಶಟರು ಎತ್ತಿ, ದೇವರಿಗೆ ಊದಿನಕಡ್ಡಿ ಹಚ್ಚಿದ್ದ. ಗಲ್ಲಾದ ಮೇಲೆ ಸಣ್ಣ ಟೀವಿಯಲ್ಲಿ ಅಂಗಡಿಯ ಮುಂದಿನ ರಸ್ತೆ ಕಾಣುತ್ತಿತ್ತು. ಅದು ಎಷ್ಟು ದಿನದ್ದು ಹಿಡಿದಿಟ್ಟುಕೊಳ್ಳುತ್ತದೆ ಎಂದು ಬಸವಂತ್ರಾಯ ಕೇಳಿದ.

“ಎರಡು ದಿನ ಇರ್ತದ. ಆಮ್ಯಾಲ ಅದರ ಮ್ಯಾಲೇ ಬರಕೋತ ಹೋಗ್ತದ. ಯಾಕ, ಏನರ ಕಳವಾತೇನು?”

ಬೆಳಿಗ್ಗೆಯದನ್ನು ತೋರಿಸು ಎಂದ ಬಸವಂತ್ರಾಯ. ವಿಶ್ವರಾಧ್ಯ ಹಿಂದಕ್ಕೆ ಓಡಿಸಿದ. ಹಾಲಿನ ಗಾಡಿ, ನಾಯಿ, ಕಸ ಗುಡಿಸುವ ಹೆಂಗಸರು ಹಿಂದಕ್ಕೆ ಹಿಂದಕ್ಕೆ ಹೋದರು. ಆಮೇಲೆ ಮುಂದಕ್ಕೆ ಬಿಟ್ಟಾಗ ಬ್ಯಾಗು ಹೊತ್ತ ಬಸವಂತ್ರಾಯ ಬಂದ, ಅವನ ಹಿಂದೆ ಉಮಾ ಬಂದಳು. ಅಂಗಡಿಯ ಎದುರಿಗೆ ಇಬ್ಬರೂ ರಸ್ತೆ ದಾಟಲು ನಿಂತರು. ಕಬ್ಬಿಣದ ಸರಳು ಹೇರಿದ ಟ್ರ್ಯಾಕ್ಟರೊಂದು ಬರುತ್ತಿತ್ತು. ಉಮಾ ಒಂದು ಹೆಜ್ಜೆ ಮುಂದಿಟ್ಟು, ಅಪ್ಪನ ಅಂಗಿಯ ತುದಿ ಹಿಡಿಯಲು ಕೈ ಚಾಚಿದಳು. ಬೆರಳು ಇನ್ನೇನು ಅಂಗಿಗೆ ತಾಗಬೇಕು, ಅಷ್ಟರಲ್ಲಿ ಅವನು ಬಿರಬಿರನೆ ರಸ್ತೆಗೆ ಇಳಿದುಬಿಟ್ಟ. ಚಾಚಿದ ಕೈ ಗಾಳಿಯಲ್ಲಿ ಒಂದು ಗಳಿಗೆ ಹಾಗೇ ನಿಂತಿತು. ಆಮೇಲೆ ಉಮಾ ಅದೇ ಕೈಯಿಂದ ಕಿವಿಯ ಹಿಂದಿನ ಕೂದಲು ಸರಿಮಾಡಿಕೊಂಡಳು.

“ಇನ್ನೊಮ್ಮಿ ತೋರಸು” ಎಂದ ಬಸವಂತ್ರಾಯ.

ವಿಶ್ವರಾಧ್ಯ ಅವನ ಮುಖ ನೋಡಿ ಮತ್ತೆ ಹಿಂದಕ್ಕೆ ಓಡಿಸಿದ. ಟ್ರ್ಯಾಕ್ಟರು ಬಂತು. ಕೈ ಮೇಲೆದ್ದಿತು. ಪರದೆಯೊಳಗಿನ ಬಸವಂತ್ರಾಯ ಬ್ಯಾಗು ಹೊತ್ತುಕೊಂಡು, ತಿರುಗಿ ನೋಡದೆ, ಮುಂದೆ ನಡೆದ.